ಹೆಣ್ಣಿನ ಪಾರ್ಟು ಹೆಣ್ಣಿಗೇ ಸಿಕ್ಕ ಕಥೆ

ಬನದ ಹುಣ್ಣಿಮೆ ಹತ್ತಿರ ಬಂತೆಂದರೆ ಬಾದಾಮಿ ಬಳಿಯ ಬನಶಂಕರಿಗೆ ನಾಟಕ ಕಂಪನಿಗಳು ಬಂದಿಳಿಯುತ್ತವೆ. ತಗಡು, ಬೊಂಬು, ಪರದೆ, ಪೆಟ್ಟಿಗೆ, ಅಡುಗೆಯ ಪಾತ್ರೆ ಎಲ್ಲ ಲಾರಿಯಲ್ಲೇ. ತೇರು ಎಳೆದು ಮುಗಿದರೂ ಜಾತ್ರೆ ಮುಗಿಯುವುದಿಲ್ಲ. ವಾರಗಟ್ಟಲೆ ಒಂದರ ಪಕ್ಕದಲ್ಲಿ ಒಂದು ಥೇಟರ್, ಹಗಲೂ ರಾತ್ರಿಯೂ ಆಟ. ವರ್ಷವಿಡೀ ಊರೂರು ಅಲೆದು ಸಾಲ ಮಾಡಿಕೊಂಡ ಮಾಲೀಕರು ಬನಶಂಕರಿಯ ಕಲೆಕ್ಷನ್ನಿನ ಮೇಲೆಯೇ ಕಣ್ಣಿಟ್ಟಿರುತ್ತಾರೆ. ದೇವಿಗೆ ಕಾಯಿ ಒಡೆಸಿ, ಅಮೀನಗಡದ ಕರದಂಟು ಕಟ್ಟಿಸಿಕೊಂಡು, ರಾತ್ರಿ ನಾಟಕ ನೋಡಿ ಬೆಳಗಿನ ಬಸ್ಸಿಗೆ ಊರು ಸೇರುವುದು ಬಾಗಲಕೋಟೆ, ಗದಗ, ಕೊಪ್ಪಳ ಸೀಮೆಯ ಜನರಿಗೆ ತಲೆಮಾರುಗಳ ರೂಢಿ.

ಆ ಥೇಟರುಗಳ ಮುಂದೆ ನಿಂತು ಬೋರ್ಡು ನೋಡಿದರೆ ದೊಡ್ಡದಾಗಿ ಕಾಣುವುದು ನಾಯಕಿಯ ಮುಖ. ಇವತ್ತು ಇದು ಸಹಜವೆನಿಸುತ್ತದೆ. ಆದರೆ ಹೆಣ್ಣಿನ ಪಾರ್ಟನ್ನು ಹೆಣ್ಣೇ ಮಾಡುವುದು ಈ ನೆಲದ ಆಟ-ನಾಟಕಗಳಲ್ಲಿ ಬಹುಕಾಲ ಇರಲಿಲ್ಲ. ಅದು ತಾನಾಗಿ ಬಂದದ್ದೂ ಅಲ್ಲ. ಸಮಾಜ ಕೀಳಾಗಿ ಕಂಡ ಮನೆತನಗಳ ಹೆಣ್ಣುಮಕ್ಕಳು ಬೈಗುಳ ತಿಂದು, ಕುಹಕ ಕೇಳಿ, ಒಂದೊಂದೇ ಹೆಜ್ಜೆಯಾಗಿ ಗಳಿಸಿಕೊಂಡ ಜಾಗ ಅದು. ಆ ಗಳಿಕೆ ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಮೊದಲು ನಾಟಕದ ತವರು ಎನ್ನಿಸಿಕೊಂಡ ಅಥೆನ್ಸಿಗೆ ಹೋಗಿ ಬರಬೇಕು.

ಮುಖವಾಡದ ಹಿಂದಿನ ಗಂಡಸು

ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನಲ್ಲೂ ನಾಟಕವೆಂದರೆ ಜಾತ್ರೆಯೇ. ದ್ರಾಕ್ಷಿ, ಮದ್ಯ, ಉನ್ಮಾದಗಳ ದೇವರಾದ ಡಯೊನೈಸಸ್‌ಗೆ ವಸಂತದಲ್ಲಿ ದೊಡ್ಡ ಹಬ್ಬ. ಅಕ್ರೊಪೊಲಿಸ್ ಗುಡ್ಡದ ತೆಂಕಣ ಇಳಿಜಾರಿನಲ್ಲಿ ರಂಗ. ಮೂವರು ಕವಿಗಳ ನಡುವೆ ಸ್ಪರ್ಧೆ. ಒಬ್ಬೊಬ್ಬರದೂ ಮೂರು ದುರಂತ ನಾಟಕ, ಅದರ ಮೇಲೊಂದು ಹಾಸ್ಯದ ಆಟ. ಮಾತಿನ ಪಾತ್ರಗಳನ್ನೆಲ್ಲ ಮುಖವಾಡ ಬದಲಿಸುತ್ತ ಮೂವರೇ ನಟರು ನಿಭಾಯಿಸುತ್ತಿದ್ದರು, ಜೊತೆಗೆ ಹಾಡಿ ಕುಣಿಯುವ ಮೇಳ. ಇವರೆಲ್ಲರೂ ಗಂಡಸರು. ರಾಣಿ, ದಾಸಿ, ಮುದುಕಿ, ಕನ್ಯೆ, ಯಾವ ಪಾತ್ರವಾದರೂ ಮುಖವಾಡದ ಹಿಂದೆ ಇದ್ದದ್ದು ಗಂಡಸಿನ ಮುಖ.

ಆದರೂ ಆ ನಾಟಕಗಳ ತುಂಬ ಹೆಣ್ಣುಗಳಿದ್ದಾರೆ. ಕ್ರಿ.ಪೂ. 458ರಲ್ಲಿ ಈಸ್ಕಿಲಸ್ ರಂಗಕ್ಕೆ ತಂದ ಕ್ಲೈಟೆಮ್ನೆಸ್ಟ್ರಾ, ಮಗಳನ್ನು ಬಲಿ ಕೊಟ್ಟ ಗಂಡನನ್ನು ಕೊಂದು ಹೆಣದ ಪಕ್ಕದಲ್ಲೇ ನಿಂತು ಮಾತಾಡುತ್ತಾಳೆ. ಸೊಫೊಕ್ಲಿಸನ ಅಂತಿಗೊನೆ ರಾಜಾಜ್ಞೆ ಮೀರಿ ಅಣ್ಣನ ಹೆಣಕ್ಕೆ ಮಣ್ಣು ಕೊಡುತ್ತಾಳೆ. ಯೂರಿಪಿಡೀಸನ ಮೀಡಿಯಾ ಗಂಡ ಕೈಬಿಟ್ಟಾಗ ಹೆಣ್ಣುಜನ್ಮದ ಪಾಡನ್ನು ಮುಚ್ಚುಮರೆಯಿಲ್ಲದೆ ಆಡುತ್ತಾಳೆ, ಹೆರಿಗೆಯ ನೋವನ್ನು ರಣರಂಗದ ಜೊತೆ ಇಟ್ಟು ತೂಗುತ್ತಾಳೆ. ಅರಿಸ್ಟೊಫೆನೀಸನ ಲಿಸಿಸ್ಟ್ರಾಟಾ ಕ್ರಿ.ಪೂ. 411ರಲ್ಲಿ, ಯುದ್ಧ ನಿಲ್ಲಿಸುವವರೆಗೆ ಗಂಡಂದಿರನ್ನು ಹತ್ತಿರ ಸೇರಿಸುವುದಿಲ್ಲವೆಂದು ಹೆಂಗಸರ ಕೈಯಲ್ಲಿ ಆಣೆ ಮಾಡಿಸಿ ಅಕ್ರೊಪೊಲಿಸಿನ ಖಜಾನೆಯನ್ನೇ ವಶಕ್ಕೆ ತೆಗೆದುಕೊಳ್ಳುತ್ತಾಳೆ.

ಇಷ್ಟು ಗಟ್ಟಿ ಬಾಯಿಯ ಹೆಣ್ಣುಗಳನ್ನು ಸೃಷ್ಟಿಸಿದ ಊರಿನಲ್ಲಿ ನಿಜವಾದ ಹೆಣ್ಣಿನ ಬದುಕು ಬೇರೆಯೇ ಇತ್ತು. ಹದಿನಾಲ್ಕು ಹದಿನೈದಕ್ಕೆ ಮದುವೆ, ಗಂಡನಿಗೆ ಹೆಚ್ಚುಕಡಿಮೆ ಎರಡರಷ್ಟು ವಯಸ್ಸು. ಹುಟ್ಟಿನಿಂದ ಸಾವಿನವರೆಗೆ ಅಪ್ಪ, ಗಂಡ ಇಲ್ಲವೇ ಮಗನ ಸುಪರ್ದಿ. ಸಭೆಯಲ್ಲಿ ಮತವಿಲ್ಲ, ನ್ಯಾಯಾಲಯದಲ್ಲಿ ತನ್ನ ಪರವಾಗಿ ತಾನೇ ನಿಂತು ಮಾತಾಡುವ ಹಕ್ಕಿಲ್ಲ. ಒಂದು ಮೆಡಿಮ್ನಸ್, ಅಂದರೆ ಒಂದು ಅಳತೆ ಬಾರ್ಲಿಯ ಬೆಲೆ ಮೀರಿದ ವ್ಯವಹಾರವನ್ನು ಆಕೆ ಸ್ವಂತಕ್ಕೆ ಮಾಡುವಂತಿರಲಿಲ್ಲ. ಕ್ರಿ.ಪೂ. 451ರಲ್ಲಿ ಅಲ್ಲಿಯ ನಾಯಕ ಪೆರಿಕ್ಲಿಸ್ ತಂದ ಕಾನೂನಿನ ಪ್ರಕಾರ ಮಗ ಅಥೆನ್ಸಿನ ಪ್ರಜೆಯಾಗಬೇಕಾದರೆ ತಾಯಿಯೂ ಅಥೆನ್ಸಿನವಳೇ ಆಗಿರಬೇಕಿತ್ತು. ಪೌರತ್ವ ಆಕೆಯ ಒಡಲಿನ ಮೂಲಕ ಹಾದುಹೋಗುತ್ತಿತ್ತು, ಅದರ ಅಧಿಕಾರ ಆಕೆಯ ಕೈಗೆ ಬರುತ್ತಿರಲಿಲ್ಲ.

ಮೀಡಿಯಾ ನಾಟಕ ಆಡಿದ್ದು ಕ್ರಿ.ಪೂ. 431ರ ವಸಂತದಲ್ಲಿ. ಆ ವರ್ಷವೇ ಸ್ಪಾರ್ಟಾದ ಜೊತೆ ಯುದ್ಧ ಶುರುವಾಯಿತು. ಮುಂದಿನ ಚಳಿಗಾಲದಲ್ಲಿ ಸತ್ತ ಸೈನಿಕರ ಶ್ರದ್ಧಾಂಜಲಿ ಸಭೆಯಲ್ಲಿ ಪೆರಿಕ್ಲಿಸ್ ಮಾಡಿದ ಭಾಷಣವನ್ನು ಇತಿಹಾಸಕಾರ ಥುಸಿಡಿಡೀಸ್ ದಾಖಲಿಸಿದ್ದಾನೆ. ಅದರಲ್ಲಿ ವಿಧವೆಯರಿಗೆ ಸಿಕ್ಕ ಬುದ್ಧಿಮಾತು ಇಷ್ಟು: ಒಳ್ಳೆಯದಕ್ಕಾಗಲಿ ಕೆಟ್ಟದ್ದಕ್ಕಾಗಲಿ ಗಂಡಸರ ಬಾಯಲ್ಲಿ ಯಾರ ಹೆಸರು ಬರುವುದಿಲ್ಲವೋ ಅವಳೇ ಯಶಸ್ವಿನಿ. ಕೆಲವೇ ತಿಂಗಳ ಹಿಂದೆ ಅದೇ ಊರಿನ ರಂಗದಲ್ಲಿ ಮೀಡಿಯಾ ಗುಡುಗಿದ್ದಳು. ಆ ನಾಟಕಕ್ಕೆ ಸಿಕ್ಕದ್ದು ಕೊನೆಯ ಸ್ಥಾನ. ಹೆಂಗಸರಿಗೆ ಪ್ರೇಕ್ಷಕರಾಗಿ ಕೂರಲಾದರೂ ಅವಕಾಶವಿತ್ತೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಡಯೊನೈಸಸ್ ಹಬ್ಬದ ಮೆರವಣಿಗೆಯಲ್ಲಿ ಮಾತ್ರ ಒಬ್ಬ ಕನ್ಯೆ ಬುಟ್ಟಿ ಹೊತ್ತು ಮುಂದೆ ನಡೆಯುತ್ತಿದ್ದಳು. ಮೆರವಣಿಗೆ ರಂಗಕ್ಕೆ ಮುಟ್ಟಿದ ಮೇಲೆ ಮಾತೆಲ್ಲ ಗಂಡಸರದು.

ಬುಟ್ಟಿ ಹೊತ್ತವರು, ಕಂಬ ಕೆತ್ತಿಸಿದವರು

ಬುಟ್ಟಿ ಹೊತ್ತ ಹೆಣ್ಣು ನಮ್ಮ ಸೀಮೆಗೂ ಹೊಸಬಳಲ್ಲ. ಭಾದ್ರಪದದಲ್ಲಿ ಗಣಪ್ಪನನ್ನು ಕಳಿಸಿಕೊಟ್ಟ ಮೇಲೆ ಬರುವ ಜೋಕುಮಾರನನ್ನು ಬೇವಿನ ಸೊಪ್ಪಿನ ನಡುವೆ ಬುಟ್ಟಿಯಲ್ಲಿ ಕೂರಿಸಿಕೊಂಡು ಮನೆಮನೆಗೆ ತರುವವರು ಹೆಂಗಸರೇ. ಮಳೆ ಬೆಳೆಗಳ ದೈವ ಅವನು. ಡಯೊನೈಸಸ್ ಹಬ್ಬದಲ್ಲಿ ಲಿಂಗದ ಮೆರವಣಿಗೆ ಇದ್ದಂತೆ ಜೋಕುಮಾರನ ಮಣ್ಣಿನ ಮೂರ್ತಿಯಲ್ಲೂ ಫಲವಂತಿಕೆಯ ಗುರುತು ಎದ್ದು ಕಾಣುತ್ತದೆ. ಅಥೆನ್ಸಿನ ಕನ್ಯೆ ಬುಟ್ಟಿ ಹೊತ್ತು ಸುಮ್ಮನೆ ನಡೆದರೆ ನಮ್ಮ ಹೆಂಗಸರು ಬುಟ್ಟಿ ಇಳಿಸಿ ಅವನ ಹುಟ್ಟು, ತುಂಟತನ, ಸಾವು ಎಲ್ಲವನ್ನೂ ತಾವೇ ಹಾಡುತ್ತಾರೆ. ಈ ಆಚರಣೆಯನ್ನೇ ಬುನಾದಿಯಾಗಿಸಿಕೊಂಡು ಗೋಕಾಕ ಸೀಮೆಯ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರು ‘ಜೋಕುಮಾರಸ್ವಾಮಿ’ ಬರೆದರು. 1972ರಲ್ಲಿ ಬೆಂಗಳೂರಿನ ಬಯಲು ರಂಗದ ನಾಟಕೋತ್ಸವದಲ್ಲಿ ಬಿ.ವಿ. ಕಾರಂತರು ಅದನ್ನು ಆಡಿಸಿದಾಗ ಅದೇ ಉತ್ಸವದಲ್ಲಿ ಲಂಕೇಶರು ಕನ್ನಡಕ್ಕೆ ತಂದ ಸೊಫೊಕ್ಲಿಸನ ‘ಈಡಿಪಸ್’ ಕೂಡ ಪ್ರದರ್ಶನಗೊಂಡಿತು.

ಇನ್ನೂ ಹಿಂದಕ್ಕೆ ಹೋದರೆ ಬಾದಾಮಿ ಬಳಿಯ ಮಹಾಕೂಟ ಸಿಗುತ್ತದೆ. ಅಲ್ಲಿಯ ಮಹಾಕೂಟೇಶ್ವರ ಗುಡಿಯ ಮುಖಮಂಟಪದ ಕಂಬವೊಂದರ ಮೇಲೆ ಚಾಲುಕ್ಯ ವಿಜಯಾದಿತ್ಯನ ಕಾಲದ, ಅಂದರೆ 696ರಿಂದ 733ರ ನಡುವಿನ ಶಾಸನವಿದೆ. ವಿನಾಪೋಟಿ ಎಂಬ ಗಣಿಕೆಯ ದಾನವನ್ನು ಅದು ಸಾರುತ್ತದೆ. ಆಕೆ ರಾಜನ ಪ್ರಾಣವಲ್ಲಭೆ. ಹಿರಣ್ಯಗರ್ಭ ದಾನ ಮಾಡಿದವಳು, ದೇವರಿಗೆ ಮಾಣಿಕ್ಯದ ಪೀಠ ಮಾಡಿಸಿದವಳು, ಬೆಳ್ಳಿಯ ಕೊಡೆ ಎತ್ತಿಸಿದವಳು, ಹೊಲ ಬಿಟ್ಟುಕೊಟ್ಟವಳು. ಶಾಸನ ಆಕೆಯ ಪರಿಚಯ ಹೇಳುವ ಬಗೆ ಗಮನಿಸಬೇಕು. ರೇವಮಂಚಳೆಯ ಮಗಳು ಕುಚಿಪೋಟಿ, ಆಕೆಯ ಮಗಳು ವಿನಾಪೋಟಿ. ಅಜ್ಜಿ, ತಾಯಿ, ಮಗಳು ಎಂದು ಹೆಣ್ಣಿನ ವಂಶವನ್ನೇ ಕಲ್ಲಿನಲ್ಲಿ ಕೆತ್ತಿದ್ದಾರೆ. ಹೆಸರು ಯಾರ ಬಾಯಲ್ಲೂ ಬರಬಾರದು ಎಂಬ ಪೆರಿಕ್ಲಿಸನ ಮಾತಿಗೆ ಇದಕ್ಕಿಂತ ಗಟ್ಟಿಯಾದ ಉತ್ತರವನ್ನು ನಾನು ಕಂಡಿಲ್ಲ.

ಭರತನ ನಾಟ್ಯಶಾಸ್ತ್ರ ಹೆಣ್ಣನ್ನು ರಂಗದಿಂದ ಹೊರಗಿಟ್ಟಿರಲಿಲ್ಲ. ಹೆಣ್ಣು ಹೆಣ್ಣಿನ ಪಾತ್ರವನ್ನೂ, ಸಂದರ್ಭ ಬಂದರೆ ಗಂಡಿನ ಪಾತ್ರವನ್ನೂ ವಹಿಸಬಹುದೆಂದು ಅದು ಒಪ್ಪುತ್ತದೆ. ಸಂಸ್ಕೃತ ನಾಟಕಗಳು ಸೂತ್ರಧಾರನ ಜೊತೆ ನಟಿಯನ್ನೂ ಕರೆದುಕೊಂಡೇ ತೆರೆದುಕೊಳ್ಳುತ್ತವೆ. ಹಾಗಾಗಿ ನಮ್ಮಲ್ಲಿ ಹೆಣ್ಣು ರಂಗಕ್ಕೆ ಬಂದ ಕಥೆಯನ್ನು ಕಳೆದುಕೊಂಡ ಹಕ್ಕನ್ನು ಮರಳಿ ಪಡೆದ ಕಥೆಯೆಂದೇ ಓದಬೇಕು.

ಮೀಸೆ ಬೋಳಿಸಿಕೊಂಡ ಸತ್ಯಭಾಮೆಯರು

ನಡುವೆ ಆದದ್ದೇನು? ದೊಡ್ಡಾಟ ಬಯಲಿಗೆ ಬಂದ ಕಾಲಕ್ಕೆ ಹೆಣ್ಣಿನ ವೇಷ ಗಂಡಸರ ಪಾಲಾಗಿತ್ತು. ಊರ ಮಠದ ಮುಂದೆ ಅಟ್ಟ ಕಟ್ಟಿ, ತಿಂಗಳುಗಟ್ಟಲೆ ತಾಲೀಮು ಮಾಡಿ, ಕಿರೀಟ ಭುಜಕೀರ್ತಿ ತೊಟ್ಟು ರಾತ್ರಿಯಿಡೀ ಆಡುವ ಆಟದಲ್ಲಿ ದ್ರೌಪದಿಯೂ ಗಂಡಸೇ, ಶಶಿರೇಖೆಯೂ ಗಂಡಸೇ. ಮನೆಯ ಹೆಂಗಸರು ಕೌದಿ ಹಾಸಿಕೊಂಡು ನೋಡುವವರು ಮಾತ್ರ.

1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆ ಮರಾಠಿಯಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಅದಕ್ಕೆ ಪ್ರೇರಣೆಯಾದದ್ದು ಕನ್ನಡದ ಭಾಗವತ ಮೇಳ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ‘ಶಾಕುಂತಲ’ವನ್ನು ಸಂಗೀತ ನಾಟಕವಾಗಿ ತಂದರು. ಮರಾಠಿ ಕಂಪನಿಗಳು ಬೆಳಗಾವಿ, ಧಾರವಾಡ, ವಿಜಾಪುರದ ಕಡೆ ಕ್ಯಾಂಪು ಹಾಕುತ್ತಿದ್ದ ಕಾಲ ಅದು. ಅದಕ್ಕೆದುರಾಗಿ ಗದುಗಿನಲ್ಲಿ ಶಾಂತಕವಿಗಳು 1870ರ ದಶಕದಲ್ಲೇ ಕನ್ನಡದ ಮಂಡಳಿ ಕಟ್ಟಿದ್ದರು. ಭಾಷೆ ಯಾವುದಾದರೂ ಕಟ್ಟಳೆ ಒಂದೇ ಇತ್ತು, ಸ್ತ್ರೀಪಾತ್ರಕ್ಕೆ ಗಂಡುಹುಡುಗರು. ಕಂಠ ಒಡೆಯದ, ಮುಖ ನುಣುಪಾಗಿರುವ ಹುಡುಗರನ್ನು ಹುಡುಕಿ ತಂದು ಸೀರೆ ಉಡಿಸಿ ನಡೆ ಕಲಿಸುತ್ತಿದ್ದರು. ಸವದತ್ತಿ ಸೀಮೆಯ ಏಣಗಿ ಬಾಳಪ್ಪನವರೂ ಹೀಗೆ ಹುಡುಗನಾಗಿ ಹೆಣ್ಣುವೇಷ ತೊಟ್ಟೇ ಶುರು ಮಾಡಿದವರು. 1914ರಲ್ಲಿ ಹುಟ್ಟಿ 2017ರವರೆಗೆ ಬಾಳಿದ ಅವರು 1947ರಲ್ಲಿ ಕಲಾವೈಭವ ನಾಟ್ಯ ಸಂಘ ಕಟ್ಟಿದಾಗ ಅವರ ಎದುರು ನಾಯಕಿಯಾಗಿ ಹೆಣ್ಣುಮಕ್ಕಳೇ ನಿಂತರು. ಒಬ್ಬರ ಬದುಕಿನೊಳಗೇ ಒಂದು ಯುಗ ಹೊರಳಿತ್ತು.

ಆ ಹಳೆಯ ಯುಗದ ತುತ್ತತುದಿಯಲ್ಲಿ ನಿಂತವರು ಬಾಲಗಂಧರ್ವ. 1888ರಲ್ಲಿ ಹುಟ್ಟಿದ ನಾರಾಯಣ ಶ್ರೀಪಾದ ರಾಜಹಂಸರು 1913ರಲ್ಲಿ ಗಂಧರ್ವ ನಾಟಕ ಮಂಡಳಿ ಕಟ್ಟಿಕೊಂಡರು. ಅವರು ಸೀರೆ ಉಟ್ಟ ರೀತಿ, ತುರುಬಿಗೆ ಹೂ ಮುಡಿದ ರೀತಿಗಳನ್ನು ನೋಡಿ ಮನೆತನದ ಹೆಂಗಸರು ತಮ್ಮ ಉಡುಗೆ ತಿದ್ದಿಕೊಳ್ಳುತ್ತಿದ್ದರು. ಅವರ ಕಲೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆಣ್ಣು ಹೇಗಿರಬೇಕೆಂಬ ಮಾದರಿಯನ್ನು ಗಂಡಸು ತೋರಿಸಿ, ಹೆಣ್ಣು ಅದನ್ನು ಕಲಿಯುವ ಸ್ಥಿತಿ ಬಂದಿತ್ತು ಎಂಬುದೂ ಅಷ್ಟೇ ನಿಜ.

ಪಾರಿಜಾತದ ಹೆಣ್ಣುಗಳು

ಕಂಪನಿಗಳ ಬಾಗಿಲು ಮುಚ್ಚಿದ್ದಾಗ ಹೆಣ್ಣನ್ನು ಒಳಗೆ ಬಿಟ್ಟುಕೊಂಡದ್ದು ಸಣ್ಣಾಟ. ಕೃಷ್ಣಾ ಘಟಪ್ರಭೆಯರ ನಡುವಿನ ಸೀಮೆಯಲ್ಲಿ ‘ಶ್ರೀಕೃಷ್ಣ ಪಾರಿಜಾತ’ಕ್ಕೆ ಇರುವ ಮಾನ ಬೇರೆ ಯಾವ ಆಟಕ್ಕೂ ಇಲ್ಲ. ಅಪರಾಳ ತಮ್ಮಣ್ಣ ಬರೆದದ್ದನ್ನು ಗೋಕಾಕ ಸೀಮೆಯ ಕುಲಗೋಡ ತಮ್ಮಣ್ಣ ರಂಗಕ್ಕೆ ಒಗ್ಗಿಸಿದ. ಕಥೆ ಸಣ್ಣದು. ನಾರದ ತಂದ ಪಾರಿಜಾತ ಹೂವನ್ನು ಕೃಷ್ಣ ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ. ಆ ಮುನಿಸಿನ ಸುತ್ತ ಇಡೀ ರಾತ್ರಿ ಹಬ್ಬುತ್ತದೆ. ನಡುವೆ ದೂತಿ ಬರುತ್ತಾಳೆ, ಗೊಲ್ಲತಿ ಬರುತ್ತಾಳೆ, ಕೊರವಂಜಿ ಬರುತ್ತಾಳೆ. ಭಾಗವತ ಎಲ್ಲರನ್ನೂ ಕೆಣಕುತ್ತಾನೆ. ಅಭಿಮಾನ, ಹೊಟ್ಟೆಕಿಚ್ಚು, ದುಃಖ, ಸೋಲೊಪ್ಪದ ಹಟ ಎಲ್ಲವನ್ನೂ ಹಾಡಿನಲ್ಲಿ ಹೊರುವ ಹೆಣ್ಣೇ ಈ ಆಟದ ಜೀವ.

ಈ ಆಟಕ್ಕೆ ಕೌಜಲಗಿ ನಿಂಗಮ್ಮ ಬಂದಳು. 20ನೇ ಶತಮಾನದ ಮೊದಲ ಭಾಗದಲ್ಲಿ ಪಾರಿಜಾತವೆಂದರೆ ನಿಂಗಮ್ಮ ಎನ್ನುವಷ್ಟು ಹೆಸರು ಮಾಡಿದಳು. ಬೆಳಗಾವಿ, ವಿಜಾಪುರ ಸೀಮೆಯಲ್ಲಿ ಆಕೆಯ ಆಟವೆಂದರೆ ಜನ ಬಂಡಿ ಕಟ್ಟಿಕೊಂಡು ಹೋಗುತ್ತಿದ್ದರು. ಮುಂದೆ ಮುಧೋಳ, ಲೋಕಾಪುರದ ಕಡೆಯ ಮೇಳಗಳಲ್ಲೂ ಹೆಣ್ಣುಮಕ್ಕಳು ಪಾತ್ರ ವಹಿಸಿದರು. ‘ದಾಸರಾಟ’, ‘ರಾಧಾನಾಟ’, ‘ಸಂಗ್ಯಾ ಬಾಳ್ಯಾ’ಗಳಲ್ಲೂ ಹೆಣ್ಣು ಕಂಠ ಕೇಳಿಸತೊಡಗಿತು.

ಹೀಗೆ ಬಂದವರಲ್ಲಿ ಬಹಳ ಜನ ದೇವದಾಸಿ ಮನೆತನದವರು. ಹಾಡು, ಕುಣಿತ ಅವರ ಮನೆಯ ವಿದ್ಯೆ. ಗರತಿಯ ಮನೆಯಿಂದ ಹೆಣ್ಣು ಹೊರಬರುವಂತಿರಲಿಲ್ಲ, ಹೊರಬರಬಹುದಾಗಿದ್ದವಳಿಗೆ ಗರತಿಯ ಮಾನವಿರಲಿಲ್ಲ. 1934ರಲ್ಲಿ ಮುಂಬಯಿ ಸರ್ಕಾರ ದೇವದಾಸಿ ರಕ್ಷಣಾ ಕಾಯ್ದೆ ತಂದಿತು. ಬಾದಾಮಿ, ಬಾಗಲಕೋಟೆ, ಹುನಗುಂದ ಆಗ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿದ್ದವು. ಮಗ್ಗುಲಲ್ಲೇ ಇದ್ದ ಮುಧೋಳ, ಜಮಖಂಡಿಗಳು ಬೇರೆ ಸಂಸ್ಥಾನಗಳು. ಹೆಣ್ಣುಮಕ್ಕಳನ್ನು ದೇವದಾಸಿಯಾಗಿಸಲು ಮುತ್ತು ಕಟ್ಟುವ ಪದ್ಧತಿಯನ್ನು ನಿಲ್ಲಿಸಲು ಕರ್ನಾಟಕ 1982ರಲ್ಲಿ ಮತ್ತೊಂದು ಕಾಯ್ದೆ ಮಾಡಬೇಕಾಯಿತು. ಕಾಯ್ದೆ ಪದ್ಧತಿಯನ್ನು ತಪ್ಪೆಂದಿತು, ಆ ಮನೆಗಳ ಹೆಣ್ಣುಮಕ್ಕಳ ಹೊಟ್ಟೆಪಾಡಿಗೆ ಮಾತ್ರ ಬೇಗ ದಾರಿ ತೋರಿಸಲಿಲ್ಲ. ಅನೇಕರಿಗೆ ಮರ್ಯಾದೆಯ ದುಡಿಮೆಯಾಗಿ ಸಿಕ್ಕಿದ್ದು ರಂಗವೇ. ಊರ ಜನ ರಾತ್ರಿ ಅವರ ಹಾಡಿಗೆ ಒನ್ಸ್‌ಮೋರ್ ಕೂಗಿದರು. ಬೆಳಗಾದ ಮೇಲೆ ನಾಟಕದವಳು ಎಂದು ಬಾಡಿಗೆಗೆ ಮನೆ ಕೊಡಲು ಹಿಂಜರಿದರು.

ಬೀಳಗಿಯ ಸೋದರಿಯರು

ಇವತ್ತು ಬಾಗಲಕೋಟೆ ಜಿಲ್ಲೆಯ ತಾಲ್ಲೂಕು ಕೇಂದ್ರವಾಗಿರುವ ಬೀಳಗಿಯಲ್ಲಿ 20ನೇ ಶತಮಾನದ ಮೊದಲ ದಶಕದಲ್ಲಿ, ಹಾಡನ್ನೇ ಉಸಿರಾಡುವ ಮುಸ್ಲಿಂ ಕುಟುಂಬದಲ್ಲಿ ಅಮೀರಬಾಯಿ ಹುಟ್ಟಿದರು. ಸೋದರಿ ಗೋಹರಬಾಯಿ. ಇಬ್ಬರೂ ಹೆಸರಿನ ಮುಂದೆ ಕರ್ನಾಟಕಿ ಎಂದು ಸೇರಿಸಿಕೊಂಡೇ ನಾಡಿನಾಚೆ ಬೆಳಗಿದರು. ಊರು ಬಿಟ್ಟರೂ ನಾಡಿನ ಹೆಸರು ಬಿಡಲಿಲ್ಲ.

ಅಮೀರಬಾಯಿ ಮುಂಬಯಿಗೆ ಹೋದರು, 1934ರ ಹೊತ್ತಿಗೆ ಸಿನಿಮಾ ಸೇರಿದರು. 1943ರಲ್ಲಿ ಬಂದ ‘ಕಿಸ್ಮತ್’ ಚಿತ್ರದಲ್ಲಿ ಅನಿಲ್ ಬಿಸ್ವಾಸರ ಸಂಗೀತದಲ್ಲಿ ಹಾಡಿದ ಮೇಲೆ ಅವರ ದನಿ ದೇಶದ ಮನೆಮನೆ ಮುಟ್ಟಿತು. ಕಲಕತ್ತೆಯ ಒಂದೇ ಥೇಟರಿನಲ್ಲಿ ಮೂರು ವರ್ಷಕ್ಕೂ ಹೆಚ್ಚು ಓಡಿದ ಚಿತ್ರ ಅದು. ಲತಾ ಮಂಗೇಶಕರ್ ಬರುವ ಮುಂಚಿನ ಕಾಲದಲ್ಲಿ ಹಿಂದಿ ಸಿನಿಮಾದ ಮುಂಚೂಣಿ ಗಾಯಕಿಯರಲ್ಲಿ ಬೀಳಗಿಯ ಈ ಮಗಳೂ ಒಬ್ಬರು. ಕನ್ನಡ ಹಾಡುಗಳನ್ನೂ ಗ್ರಾಮಫೋನ್ ತಟ್ಟೆಗೆ ಹಾಡಿದರು. ಮದುವೆಯ ಬದುಕಿನಲ್ಲಿ ಗಂಡನಿಂದ ಹಿಂಸೆ ಉಂಡರು, ಅದರಿಂದ ಹೊರಬಂದು ಮತ್ತೆ ಹಾಡಿದರು. 1965ರಲ್ಲಿ ತೀರಿಕೊಂಡರು. ವಿಜಯಪುರದ ಅಮೀರ್ ಟಾಕೀಸು ಅವರ ಹೆಸರನ್ನು ಉಳಿಸಿತು. ರಹಮತ್ ತರೀಕೆರೆಯವರು ಅವರ ಜೀವನಚರಿತ್ರೆ ಬರೆದು ಮರೆತವರಿಗೆ ನೆನಪು ಮಾಡಿಕೊಟ್ಟರು.

ನಮ್ಮ ಕಥೆಗೆ ಗೋಹರಬಾಯಿ ಇನ್ನೂ ಮುಖ್ಯ. ಬಾಲಗಂಧರ್ವರ ಗಾಯನ ಶೈಲಿಯನ್ನು ತಮ್ಮ ಕಂಠಕ್ಕೆ ಇಳಿಸಿಕೊಂಡಿದ್ದ ಅವರು 1930ರ ದಶಕದ ಕೊನೆಯಲ್ಲಿ ಗಂಧರ್ವ ಮಂಡಳಿ ಸೇರಿದರು. ಆಗ ಬಾಲಗಂಧರ್ವರಿಗೆ ಐವತ್ತು. ಮೈ ದಪ್ಪವಾಗಿತ್ತು, ಸಾಲ ಏರಿತ್ತು, ಸಿನಿಮಾ ಪ್ರೇಕ್ಷಕರನ್ನು ಸೆಳೆಯುತ್ತಿತ್ತು. ಮಹಾರಾಷ್ಟ್ರದ ಜನ ದಶಕಗಳಿಂದ ಕಣ್ಣಲ್ಲಿ ತುಂಬಿಕೊಂಡಿದ್ದ ನಾಯಕಿಯ ಪಾತ್ರಗಳಿಗೆ ಗೋಹರಬಾಯಿ ಬಂದು ನಿಂತರು. ಗಂಡಸು ಕಟ್ಟಿದ ಹೆಣ್ಣಿನ ಮಾದರಿಯನ್ನು ಹೆಣ್ಣೊಬ್ಬಳು ಕಲಿತು, ಅದೇ ಮಂಡಳಿಯ ರಂಗದ ಮೇಲೆ ತನ್ನದಾಗಿಸಿಕೊಂಡ ಗಳಿಗೆ ಅದು. ಅಥೆನ್ಸಿನ ಮುಖವಾಡದ ಹಿಂದಿನ ಜಾಗ ಯಾವ ಹೆಣ್ಣಿಗೂ ಸಿಗಲಿಲ್ಲ. ಇಲ್ಲಿ ಬೀಳಗಿಯ ಹೆಣ್ಣುಮಗಳೊಬ್ಬಳು ಅದನ್ನು ಪಡೆದಳು.

ಅದಕ್ಕೆ ಆಕೆ ತೆತ್ತ ಬೆಲೆಯೂ ದೊಡ್ಡದು. ಸಂಪ್ರದಾಯಸ್ಥರು ಆಕೆಯ ಮತವನ್ನು ಹಿಡಿದು ಆಡಿಕೊಂಡರು. ಬಾಲಗಂಧರ್ವರ ಕೇಡಿಗೆ ಆಕೆಯೇ ಕಾರಣವೆಂದು ದೂರಿದರು. ಮಂಡಳಿ ಆಕೆ ಬರುವ ಮೊದಲೇ ಸಾಲದಲ್ಲಿ ಮುಳುಗಿತ್ತು ಎಂಬುದನ್ನು ಮರೆತರು. 1951ರಲ್ಲಿ ಇಬ್ಬರೂ ಮದುವೆಯಾದರು. ಬಾಲಗಂಧರ್ವರಿಗೆ ಪದ್ಮಭೂಷಣ ಬಂದ 1964ರಲ್ಲೇ ಗೋಹರಬಾಯಿ ತೀರಿಕೊಂಡರು. ಮುದಿತನದಲ್ಲಿ, ಕಾಯಿಲೆಯಲ್ಲಿ ಆ ಮಹಾಕಲಾವಿದರ ಕೈ ಹಿಡಿದು ನಡೆಸಿದವರು ಅವರೇ. ಮರಾಠಿ ರಂಗಭೂಮಿಯ ಚರಿತ್ರೆ ಈ ಋಣವನ್ನು ತಡವಾಗಿ, ಅರೆಮನಸ್ಸಿನಿಂದ ಒಪ್ಪಿಕೊಂಡಿದೆ. ಕನ್ನಡದವರಾದ ನಾವೂ ಗೋಹರಬಾಯಿಯನ್ನು ನಮ್ಮವಳೆಂದು ಗಟ್ಟಿಯಾಗಿ ಹೇಳಿಲ್ಲ.

ಕಂದಗಲ್ಲದ ದ್ರೌಪದಿ

ನಟಿಯರು ರಂಗಕ್ಕೆ ಬಂದ ಮೇಲೆ ಅವರ ಬಾಯಿಗೆ ತಕ್ಕ ಮಾತು ಬೇಕಿತ್ತು. ಅದನ್ನು ಕೊಟ್ಟವರು ಇಳಕಲ್ಲಿಗೆ ಹತ್ತಿರದ ಕಂದಗಲ್ಲದ ಹನುಮಂತರಾಯರು. 1896ರಲ್ಲಿ ಹುಟ್ಟಿ 1966ರಲ್ಲಿ ತೀರಿಕೊಂಡ ಅವರನ್ನು ಜನ ಕನ್ನಡದ ಶೇಕ್ಸ್‌ಪಿಯರ್ ಎಂದು ಕರೆದರು. ‘ಕುರುಕ್ಷೇತ್ರ’, ‘ಅಕ್ಷಯಾಂಬರ’, ‘ಚಿತ್ರಾಂಗದಾ’ ಬರೆದರೂ ಅವರ ಹೆಸರನ್ನು ಹಳ್ಳಿಹಳ್ಳಿಗೆ ಒಯ್ದದ್ದು ‘ರಕ್ತರಾತ್ರಿ’. ವಿಜಯಪುರದ ರಂಗಮಂದಿರಕ್ಕೆ ಅವರದೇ ಹೆಸರಿದೆ.

ಕುರುಕ್ಷೇತ್ರ ಮುಗಿದ ರಾತ್ರಿ ಅಶ್ವತ್ಥಾಮ ಪಾಂಡವರ ಪಾಳೆಯಕ್ಕೆ ನುಗ್ಗಿ ಮಲಗಿದ್ದ ಉಪಪಾಂಡವರನ್ನು ಕೊಲ್ಲುವ ಕಥೆ ಅದು. ಗೆದ್ದೆವೆಂದು ಮಲಗಿದ ದ್ರೌಪದಿ ಬೆಳಗಾಗುವಷ್ಟರಲ್ಲಿ ಐದು ಮಕ್ಕಳನ್ನೂ ಕಳೆದುಕೊಂಡಿರುತ್ತಾಳೆ. ಕಂದಗಲ್ಲರ ಮಾತು ಪ್ರಾಸ, ಅನುಪ್ರಾಸ, ಸಂಸ್ಕೃತದ ತೂಕಗಳಿಂದ ಉರುಳಿಕೊಂಡು ಬರುತ್ತದೆ. ಅದನ್ನು ಉಸಿರು ಕಡಿಯದೆ ಹೇಳಲು ಎದೆಗಾರಿಕೆ ಬೇಕು. ಶಾಲೆಯ ಮೆಟ್ಟಿಲು ಹತ್ತದ ನಟಿಯರೂ ಮತ್ತೊಬ್ಬರ ಬಾಯಿಂದ ಕೇಳಿ ಕೇಳಿ ಇದನ್ನು ಕಂಠಪಾಠ ಮಾಡಿ, ಪೆಟ್ಟಿಗೆ ಮಾಸ್ತರರ ಶ್ರುತಿಗೆ ದನಿ ಸೇರಿಸಿ, ಮಧ್ಯರಾತ್ರಿಯ ರಂಗದಲ್ಲಿ ಒಪ್ಪಿಸಿದರು.

ಇಲ್ಲೊಂದು ನಂಟು ಇದೆ. ಬಿ.ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸನ ‘ಅಯಾಸ್’ ದುರಂತವನ್ನು ಮಹಾಭಾರತಕ್ಕೆ ಒಗ್ಗಿಸಿ 1929ರಲ್ಲಿ ‘ಅಶ್ವತ್ಥಾಮನ್’ ಕೊಟ್ಟರು. ಮೂಲದಲ್ಲಿ ಯುದ್ಧದ ಸೆರೆಯಾಗಿ ಬಂದ ತೆಕ್ಮೆಸ್ಸಾ ಗಂಡನನ್ನು ಸಾವಿನಿಂದ ತಡೆಯಲು ಬೇಡಿಕೊಳ್ಳುತ್ತಾಳೆ, ಆತ ಕೇಳುವುದಿಲ್ಲ. ಶ್ರೀಕಂಠಯ್ಯನವರಲ್ಲಿ ಆಕೆ ಭಾರ್ಗವಿಯಾದಳು. ಮೈಸೂರು ಸೀಮೆ ಗ್ರೀಕರ ಮೂಲಕ ಅಶ್ವತ್ಥಾಮನ ಬಳಿಗೆ ಹೋದರೆ, ಕಂದಗಲ್ಲರು ಬಯಲಾಟದ ಮೂಲಕ ಅವನನ್ನು ಮುಟ್ಟಿದರು. ಆದರೆ ‘ರಕ್ತರಾತ್ರಿ’ಯ ದ್ರೌಪದಿಯನ್ನು ನೋಡಿದಾಗ ನನಗೆ ನೆನಪಾಗುವುದು ಯೂರಿಪಿಡೀಸನ ‘ಟ್ರಾಯ್ ಹೆಂಗಸರು’. ಅಥೆನ್ಸಿನ ಸೈನ್ಯ ಮೆಲೊಸ್ ದ್ವೀಪದ ಗಂಡಸರನ್ನು ಕೊಂದು ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿದ ಕೆಲವೇ ತಿಂಗಳಲ್ಲಿ, ಕ್ರಿ.ಪೂ. 415ರಲ್ಲಿ, ಆ ನಾಟಕ ಬಂತು. ಮಕ್ಕಳು ಮೊಮ್ಮಕ್ಕಳನ್ನು ಕಳೆದುಕೊಂಡ ರಾಣಿ ಹೆಕುಬಾ ಅಲ್ಲಿ ಗೋಳಾಡುತ್ತಾಳೆ. ಗೆದ್ದವರ ಊರಿನಲ್ಲಿ ಸೋತವರ ಹೆಂಗಸರ ಅಳು ಕೇಳಿಸಿದ್ದು ಯೂರಿಪಿಡೀಸನ ಧೈರ್ಯ. ಆದರೆ ಆ ಅಳುವನ್ನೂ ಅತ್ತವನು ಗಂಡಸೇ. ಕಂದಗಲ್ಲರ ದ್ರೌಪದಿಯ ಅಳುವನ್ನು ನಮ್ಮಲ್ಲಿ ತಾಯಂದಿರು ಅತ್ತರು. ಕೂಸನ್ನು ಪರದೆಯ ಹಿಂದೆ ಟ್ರಂಕಿನ ಮೇಲೆ ಮಲಗಿಸಿ ರಂಗಕ್ಕೆ ಬರುವುದು ಕಂಪನಿ ನಟಿಯರ ದಿನಚರಿಯಾಗಿತ್ತು.

ಇನ್ನು ಆಗಬೇಕಾದದ್ದು

1958ರಲ್ಲಿ ಆರ್. ನಾಗರತ್ನಮ್ಮನವರು ಸ್ತ್ರೀ ನಾಟಕ ಮಂಡಳಿ ಕಟ್ಟಿ ಕಂಸ, ರಾವಣರ ಪಾತ್ರಗಳನ್ನು ಹೆಂಗಸರಿಂದಲೇ ಮಾಡಿಸಿದರು, ತಾವೂ ಮೀಸೆ ಅಂಟಿಸಿಕೊಂಡು ಗದೆ ಹಿಡಿದರು. 2013ರಲ್ಲಿ ಬಾಗಲಕೋಟೆ ಜಿಲ್ಲೆಯ ತೇರದಾಳ ಕ್ಷೇತ್ರ ನಟಿ ಉಮಾಶ್ರೀಯವರನ್ನು ವಿಧಾನಸಭೆಗೆ ಕಳಿಸಿತು. ಅವರು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಯ ಜೊತೆ ಕನ್ನಡ ಮತ್ತು ಸಂಸ್ಕೃತಿ ಖಾತೆಯ ಸಚಿವರೂ ಆದರು. ನಾಟಕದವಳು ಎಂಬ ಮಾತನ್ನು ಬೈಗುಳವಾಗಿ ಬಳಸಿದ ನೆಲವೇ ನಟಿಯೊಬ್ಬಳಿಗೆ ಮತ ಹಾಕಿತು. ಅಥೆನ್ಸಿನ ಪ್ರಜಾಪ್ರಭುತ್ವ ಇದನ್ನು ಕನಸಿನಲ್ಲೂ ಕಂಡಿರಲಿಲ್ಲ.

ಆದರೂ ತೃಪ್ತಿಪಟ್ಟು ಕೂರುವ ಹೊತ್ತು ಬಂದಿಲ್ಲ. ಜಾತ್ರೆಯ ಕೆಲವು ಕಂಪನಿಗಳು ಇಂದು ದ್ವಂದ್ವಾರ್ಥದ ಮಾತು, ಅಂಥದೇ ಹೆಸರುಗಳ ಮೇಲೆ ಬದುಕುತ್ತಿವೆ. ಅರಿಸ್ಟೊಫೆನೀಸನ ನಾಟಕಗಳಲ್ಲೂ ಪೋಲಿ ಮಾತು ಧಾರಾಳವಾಗಿತ್ತು. ಆದರೆ ಅಲ್ಲಿ ಅದನ್ನು ಆಡಿದವನು ಮುಖವಾಡ ಕಳಚಿ ಗಂಡಸಾಗಿ ಮನೆಗೆ ಹೋಗುತ್ತಿದ್ದ. ಇಲ್ಲಿ ಆ ಮಾತನ್ನು ಬರೆಯುವವನು ಗಂಡಸು, ಶಿಳ್ಳೆ ಹಾಕುವವನು ಗಂಡಸು, ಅದರ ಮಸಿ ಮೆತ್ತಿಕೊಂಡು ಮರುದಿನ ಸಂತೆಗೆ ಹೋಗಬೇಕಾದವಳು ನಟಿ. ಹೆಣ್ಣಿಗೆ ರಂಗ ಸಿಕ್ಕಿತು, ಆಕೆ ಅಲ್ಲಿ ಏನು ಮಾತಾಡಬೇಕೆಂಬ ತೀರ್ಮಾನ ಬಹುಮಟ್ಟಿಗೆ ಇನ್ನೂ ಗಂಡಸರ ಕೈಯಲ್ಲೇ ಇದೆ. ಈ ಅರ್ಧ ದಾರಿಯನ್ನು ಪೂರ್ತಿ ಮಾಡಬೇಕಾದರೆ ಕಂಪನಿಗಳಿಗೆ ನಾಟಕ ಬರೆಯುವ ಹೆಣ್ಣುಮಕ್ಕಳು ಬರಬೇಕು, ಮಾಲೀಕರು ಅಂಥ ನಾಟಕಕ್ಕೆ ಥೇಟರ್ ಕೊಡಬೇಕು, ನಾವು ಟಿಕೆಟ್ಟು ತೆಗೆದುಕೊಂಡು ನೋಡಬೇಕು.

ಇನ್ನೊಂದು ಕೆಲಸವನ್ನು ತಡಮಾಡದೆ ಮಾಡಬೇಕಿದೆ. ಮಹಾಕೂಟದ ಕಂಬದ ಮೇಲೆ ಮೂರು ತಲೆಮಾರಿನ ಹೆಣ್ಣುಗಳ ಹೆಸರು 1300 ವರ್ಷ ಉಳಿದಿದೆ. 50 ವರ್ಷದ ಹಿಂದೆ ನಮ್ಮೂರ ನಾಟಕದಲ್ಲಿ ದ್ರೌಪದಿಯಾಗಿ ಬಂದವಳ ಹೆಸರು ನಮಗೆ ನೆನಪಿಲ್ಲ. ಜಿಲ್ಲೆಯ ಊರುಗಳಲ್ಲಿ ಹಳೆಯ ನಟಿಯರು ಇನ್ನೂ ಇದ್ದಾರೆ. ಅವರ ಹಾಡು, ಮಾತು, ಕ್ಯಾಂಪಿನ ನೆನಪುಗಳನ್ನು ನಮ್ಮ ಕಾಲೇಜುಗಳು, ವಿಶ್ವವಿದ್ಯಾಲಯಗಳು ಧ್ವನಿಮುದ್ರಿಸಿಕೊಳ್ಳಲಿ. ಬೀಳಗಿಯಲ್ಲಿ ಅಮೀರಬಾಯಿ, ಗೋಹರಬಾಯಿಯರ ಹೆಸರಿನಲ್ಲೊಂದು ರಂಗಮಂದಿರ ಏಳಲಿ. ಈ ವರ್ಷ ಬನಶಂಕರಿಗೆ ಹೋಗುವ ಓದುಗರು ನಾಟಕ ಮುಗಿದ ಮೇಲೆ ಆ ನಾಯಕಿಯ ನಿಜವಾದ ಹೆಸರು ಕೇಳಿ, ಬರೆದಿಟ್ಟುಕೊಳ್ಳಿ.